ಪರದೆಯ ಕೆಳಗಿನ ಪಾದಗಳು

ಸೂಜಿ ಟೇಲರ್ ಸೇಸಪ್ಪನ ಹೆಬ್ಬೆರಳಿನ ಉಗುರನ್ನು ತೂತು ಮಾಡಿ ಆಚೆಗೆ ಇಳಿದಿತ್ತು.

ಮೆಷಿನ್ನಿನ ಚಕ್ರ ಹಿಡಿದು ನಿಂತವನು ಬಾಗಿಲಷ್ಟು ಅಗಲದ ಆಸಾಮಿ. ಕಣ್ಣಿನ ತನಕ ಕಪ್ಪು ಮಾಸ್ಕು. ಒಂದು ಕೈಯಲ್ಲಿ ಚಕ್ರ, ಇನ್ನೊಂದರಲ್ಲಿ ಟೇಲರನ ಕತ್ತು. "ದೂಸ್ರಾ ಕಹಾಂ ಹೈ?" ಅಂತ ಕೇಳುತ್ತಿದ್ದ. ಕೇಳಿದಾಗಲೆಲ್ಲ ಚಕ್ರವನ್ನು ಕೂದಲೆಳೆಯಷ್ಟು ತಿರುಗಿಸುತ್ತಿದ್ದ.

ಸತ್ವಾದ ಗಲ್ಲಿಯ ಆ ಅಂಗಡಿಯ ಗಾಜಿನ ಬಾಗಿಲು ತಳ್ಳಿ ಒಳಬಂದ ನೀಲಾಂಬಿಕಾ ಕಿರುಚಲಿಲ್ಲ. ಅದು ಅವಳ ಜಾಯಮಾನವೇ ಅಲ್ಲ. ಮೇಜಿನ ಮೇಲೆ ಬುಸುಗುಡುತ್ತಿದ್ದ ಸ್ಟೀಮ್ ಇಸ್ತ್ರಿಯನ್ನು ಎತ್ತಿದಳು, ಆ ಆಸಾಮಿಯ ಕುತ್ತಿಗೆಯ ಹಿಂದಕ್ಕೆ ಒತ್ತಿ ಹಿಡಿದಳು.

ಚರ್ಮ ಚುರ್ರೆಂದಿತು. ಸುಟ್ಟ ಕೂದಲಿನ ವಾಸನೆ ಅಂಗಡಿಯ ತುಂಬ ಎದ್ದಿತು. ಆಸಾಮಿ ಗೂಳಿಯ ಹಾಗೆ ಅಬ್ಬರಿಸಿ ತಿರುಗಿದವನೇ ಮೊಣಕೈಯಿಂದ ಅವಳ ದವಡೆಗೆ ಬಾರಿಸಿದ. ಅವಳು ಪ್ಯಾಂಟುಗಳ ರಾಶಿಯ ಮೇಲೆ ಬಿದ್ದಳು. ಅವಳ ಹಿಂದೆಯೇ ಬಂದು ಅಡ್ಡ ನಿಂತ ಇದಿನಬ್ಬನ ಬ್ಯಾಂಡೇಜು ಕಟ್ಟಿದ ಎರಡೂ ಕೈಗಳನ್ನು ಅವನು ಬಾಗಿಲ ಚೌಕಟ್ಟಿಗೆ ಜಜ್ಜಿ, ದಾರಿ ಮಾಡಿಕೊಂಡು, ಗಲ್ಲಿಯ ಬಾಯಿಯ ಕಡೆ ಓಡಿದ.

"ಯಾ ಅಲ್ಲಾ!" ಇದಿನಬ್ಬ ಕೈಗಳನ್ನು ಕಂಕುಳಿಗೆ ಸೇರಿಸಿ ಕುಸಿದ. ಸುಟ್ಟ ಗಾಯ ಒಡೆದು ಬ್ಯಾಂಡೇಜು ಒದ್ದೆಯಾಗಿತ್ತು.

ನೀಲಾಂಬಿಕಾ ಎದ್ದವಳು ಮೊದಲು ಟೇಲರನ ಕೈ ಹಿಡಿದಳು.

"ಎಳೀಬೇಡಿ ಅಮ್ಮಾ!" ಸೇಸಪ್ಪ ಹಲ್ಲು ಕಚ್ಚಿ ಹೇಳಿದ. "ಎಳೆದರೆ ಸೂಜಿ ತುಂಡಾಗಿ ಒಳಗೇ ಉಳೀತದೆ. ಚಕ್ರ ಹಿಂದಕ್ಕೆ ತಿರುಗಿಸಿ. ಮೆಲ್ಲ. ಮೆಲ್ಲ ಅಂದೆ ಮಾರಾಯ್ತಿ!"

ಸೂಜಿ ಮೇಲೆದ್ದು ಬಂತು. ಅದರ ಕಣ್ಣಿನಲ್ಲಿದ್ದ ಬಿಳಿ ದಾರ ಬೆರಳಿನ ಮೂಲಕ ಹಾದು ಕೆಂಪಗಾಗಿತ್ತು. ಅದನ್ನು ಕತ್ತರಿಸಿ ಎಳೆದು ನೆಲಕ್ಕೆಸೆದಳು. ಸೇಸಪ್ಪನ ಹಣೆ ಬೆವರಿನಿಂದ ತೊಯ್ದಿತ್ತು. ಆದರೂ ನಾಲಿಗೆ ಸುಮ್ಮನಿರಬೇಕಲ್ಲ: "ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ನನ್ನ ಸೂಜಿ ನನಗೆ ಚುಚ್ಚಲಿಲ್ಲ. ಇವತ್ತು ಆ ಬೇವರ್ಸಿ ಹೆಸರು ಕೆಡಿಸಿದ."

ಅಲ್ ಕೂಜ್‌ನ ವರ್ಕ್‌ಶಾಪಿನಲ್ಲಿ ಕಟ್ಟಡಗಳ ಪುಟ್ಟ ಮಾದರಿ ಮಾಡುತ್ತಿದ್ದ ಬೋಸ್ನಿಯಾದ ಮುನಿಬ್ ತಲೆಯೊಡೆದು, ತಾನೇ ಕಟ್ಟಿದ ಬೆಟ್ಟದೂರಿನ ಮಾದರಿಯ ಕೆಳಗೆ ಬೆಂದು ಸತ್ತಿದ್ದ. ತಲೆಯೊಡೆದ ಸುತ್ತಿಗೆ ಪಾಲುದಾರ ಇದಿನಬ್ಬನದು, ಬೆಂಕಿ ಆರಿಸಲು ಹೋಗಿ ಕೈ ಸುಟ್ಟುಕೊಂಡವನೂ ಅವನೇ, ಹಿಂದಿನ ದಿನ ಇಬ್ಬರೂ ಬೀದಿಗೆ ಕೇಳುವಂತೆ ಜಗಳವಾಡಿದ್ದರು. ಪೊಲೀಸರಿಗೆ ಅಷ್ಟು ಸಾಕಾಗಿತ್ತು. ಇದಿನಬ್ಬನ ಪಾಸ್‌ಪೋರ್ಟು ಅವರ ಕೈಯಲ್ಲಿತ್ತು. ಬೆಂಕಿ ಇಟ್ಟವನೂ ಇವನೇ ಎಂದು ವಿಮಾ ಕಂಪನಿಯ ತನಿಖೆಗಾರ್ತಿ ನೀಲಾಂಬಿಕಾ ಇವತ್ತು ಸಹಿ ಮಾಡಿಬಿಟ್ಟರೆ ಅವನ ಪಾಲಿಗೆ ಜೈಲಿನ ಬಾಗಿಲು ಮುಚ್ಚಿದಂತೆಯೇ.

"ಎರಡನೇದು ಅಂದ್ನಲ್ಲ ಅವ, ಏನದು?" ಕೇಳಿದಳು.

ಸೇಸಪ್ಪ ಗಾಯದ ಬೆರಳನ್ನೇ ಗೋಡೆಯ ಮೂಲೆಗೆ ಚಾಚಿದ. ಅಲ್ಲಿ ಕೊರಗಜ್ಜನ ಫೋಟೋ, ಒಂದು ಚಕ್ಕುಲಿ, ಒಂದು ವೀಳ್ಯ. ಫೋಟೋದ ಕೆಳಗೆ ಮಣೆಯ ಹಾಗೆ ಇಟ್ಟಿದ್ದು ಒಂದು ರಟ್ಟಿನ ಪೆಟ್ಟಿಗೆ.

"ಮುನಿಬ್ ಸಾಯ್ಬ್ರು ಬಟ್ಟೆಗೆ ಅಂಚು ಹೊಲೀಲಿಕ್ಕೆ ತಂದುಕೊಟ್ಟದ್ದು. ದೊಡ್ಡ ಮಾದರಿ ಮಾಡುವ ಮೊದಲು ಮಾಡಿ ನೋಡಿದ ತುಂಡು. ಅಜ್ಜನ ಅಡಿಗೆ ಇಟ್ಟೆ. ಅಲ್ಲಿ ಇಟ್ಟದ್ದನ್ನು ಯಾರೂ ಮುಟ್ಟುವುದಿಲ್ಲ."

ಹೊರಗೆ ಕರ್ರ್, ಕರ್ರ್ ಎಂದು ಚರ್ಮ ಕಿರುಗುಡುವ ಸಪ್ಪಳ. ನೀಲಾಂಬಿಕಾಳ ಮೈ ಸಡಿಲಾಯಿತು. ಆ ಸಪ್ಪಳ ಅವಳಿಗೆ ಊರಿನದು. ಹೋದ ರಜೆಯಲ್ಲಿ ಅಥಣಿಯಿಂದ ಅವಳೇ ಎರಡು ಜೊತೆ ಚಪ್ಪಲಿ ತಂದಿದ್ದಳು. ಕೆಂಪು ಗೊಂಡೆಯ ಮೆತ್ತಗಿನ ಜೊತೆ ತನಗೆ, ಹೆಬ್ಬೆರಳಿಗೆ ಕುಣಿಕೆಯಿರುವ ಕರಕರ ಜೋಡು ಮ್ಯಾನೇಜರ್ ಸೂರಜನಿಗೆ. ಚಿಕ್ಕೋಡಿಯ ಹುಡುಗ, ವಯಸ್ಸಿನಲ್ಲಿ ಕಿರಿಯ, ಹುದ್ದೆಯಲ್ಲಿ ಹಿರಿಯ. ಸೂಟಿನ ಕೆಳಗೂ ಅದನ್ನೇ ಮೆಟ್ಟಿ ಆಫೀಸೆಲ್ಲ ನಗಿಸುತ್ತಿದ್ದ.

"ಅಕ್ಕಾ! ಇದೇನ ಮಾಡ್ಕೊಂಡಿ? ದವಡಿ ಬಾತೈತಲ್ಲ!" ಸೂರಜ ಬಾಗಿಲಲ್ಲೇ ನಿಂತ. ಕೈಯಲ್ಲಿ ಕಡತ.

"ಒಬ್ಬಾಂವ ಈಗ ಓಡಿ ಹೋದ. ನಿನ್ನ ಎದುರಿಗೇ ಬಂದಿರಬೇಕು."

"ಇಲ್ಲಬಿಡ. ನಾ ಗಲ್ಲಿ ಬಾಯಾಗ ಗಾಡಿ ಹಚ್ಚಿ ಕುಂತಿದ್ದೆ. ನರಪಿಳ್ಳಿ ಬರಲಿಲ್ಲ." ಅವನ ಕಣ್ಣು ಪೆಟ್ಟಿಗೆಯ ಮೇಲೆ ಬಿತ್ತು. "ಸಿಕ್ತೇನ? ತಾ ಇಲ್ಲಿ. ನೀ ಸಹಿ ಮಾಡಿ ಮನಿಗೆ ಹೋಗಿ ಮಲಕ್ಕೋ. ಈ ಕೇಸು ಖಲಾಸ್ ಮಾಡೂಣು."

"ಕೊಡ್ತೀನಿ. ಮದಲ ಒಬ್ಬಾಂವಗ ತೋರಿಸೂದೈತಿ. ಅಲ್ ಕೂಜ್‌ಗೆ ಬರಾಕ ಹೇಳೀನಿ. ನೀ ಸಿಐಡಿಯವರನ್ನ ಕರಕೊಂಡು ಅಲ್ಲಿಗೆ ಬಾ. ಅಲ್ಲಿ ಕಟ್ಟಿದ ಪರದೆ ಹಿಂದ ನಿಂತು ಅವರು ಕೇಳಲಿ."

ಸೂರಜ ಕಡತವನ್ನು ಕಂಕುಳಿಗೇರಿಸಿ ನಕ್ಕ. "ಯಲ್ಲಾ, ನಡಿ. ನೀ ಹೇಳಿದ್ಮ್ಯಾಲ ಆತು. ಟೇಲರ್ ಮಾಮಾನ್ನ ಕ್ಲಿನಿಕ್ಕಿಗೆ ನಾನೇ ಬಿಡ್ತೀನಿ." ಸೇಸಪ್ಪನ ಹೆಗಲಿಗೆ ಕೈಹಾಕಿ ನಡೆಸಿಕೊಂಡು ಹೋದ. ಕರ್ರ್, ಕರ್ರ್.

ಶುಕ್ರವಾರ. ಜುಮಾದ ಬಾಂಗಿಗೆ ಇನ್ನೂ ಸ್ವಲ್ಪ ಹೊತ್ತಿತ್ತು. ಕಾರಿನಲ್ಲಿ ಎಸಿ ಹಾಕಿ, ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟು ನೀಲಾಂಬಿಕಾ ಮುಚ್ಚಳ ತೆಗೆದಳು.

ಒಂದು ಬೀದಿಯ ಮೂಲೆ. ಅಂಗೈಯಗಲದ ನಾಲ್ಕು ರಸ್ತೆ ಕೂಡುವ ಜಾಗ, ಎರಡು ಕಡೆ ಎತ್ತರದ ಮನೆಗಳು, ಹಿಂದೆ ಕಡಿದಾದ ಬೆಟ್ಟದ ಇಳಿಜಾರು. ಬೆಟ್ಟಕ್ಕೆ ಎದುರಾಗಿ ರಸ್ತೆಗೆ ಅಡ್ಡಲಾಗಿ ದಾರ ಕಟ್ಟಿ ಮುನಿಬ್ ಬಿಳಿ ಬಟ್ಟೆ ಇಳಿಬಿಟ್ಟಿದ್ದ. ಬಟ್ಟೆ ನೆಲ ಮುಟ್ಟುತ್ತಿರಲಿಲ್ಲ. ಬಟ್ಟೆಯ ಹಿಂದೆ ಒಂದು ಹೆಣ್ಣಿನ ಬೊಂಬೆ, ಎರಡೂ ಕೈಯಲ್ಲಿ ಕ್ಯಾನು. ಅವಳ ಪಾದಗಳಿಗೆ ಸಾಸಿವೆಯಷ್ಟು ಬಣ್ಣ ತಾಗಿಸಿದ್ದ.

"ಕೆಂಪು!" ಇದಿನಬ್ಬ ಸೀಟಿನಿಂದ ಮುಂದೆ ಬಾಗಿದ. "ಅವನು ಕೆಂಪು ಹಾಕಿದ್ದಾ? ಸುಳ್ಳು!"

"ಯಾಕ್ರಿ?"

"ನೀಲಕ್ಕಾ, ನಾವು ಜಗಳ ಮಾಡಿದ್ದೇ ಅದಕ್ಕೆ. ಆ ಊರಿನ ಮಾಡುಗಳೆಲ್ಲ ಕೆಂಪು ಹೆಂಚಿನದ್ದು. ಪಾರ್ಟಿ ಕೆಂಪು ಕೇಳಿದ್ದು. ಇವನು ಎಲ್ಲದಕ್ಕೂ ಕಂದು ಬಳಿದು ಕೂತಿದ್ದಾನೆ! ಶಾರ್ಜಾದ ಯಾವುದೋ ಅಂಗಡಿಯ ಮಾದರಿ ಮಾಡಿದಾಗಲೂ ಹಾಗೇ, ಕೆಂಪು ಬೋರ್ಡಿಗೆ ನೀಲಿ ಹಾಕಿ ನನ್ನ ಮರ್ಯಾದೆ ತೆಗೆದ. 'ನನ್ನ ಕೈಯಿಂದ ಕೆಂಪು ಆಗುವುದಿಲ್ಲ, ಇದಿನಬ್ಬಾ' ಅಂತ. ಯಾಕೆ ಅಂತ ಕೇಳಿದರೆ ಎದ್ದು ಹೋಗುತ್ತಿದ್ದ."

"ಈ ಬಟ್ಟಿ ಏನಂತ ಹೇಳಿದ್ದನೇನ್ರಿ?"

ಇದಿನಬ್ಬ ಹೊರಗೆ ನೋಡಿದ. ಒಣಗಿದ ಖರ್ಜೂರದ ಮರವೊಂದರ ಕೆಳಗೆ ಬೆಕ್ಕು ಮಲಗಿತ್ತು.

"ಸರಾಯೆವೊ ಅಂದರೆ ಒಂದು ಬೋಗುಣಿ ಅಂತ ಹೇಳುತ್ತಿದ್ದ. ಸುತ್ತ ಬೆಟ್ಟ: ಟ್ರೆಬೆವಿಚ್, ಯಾಹೊರಿನಾ, ಇಗ್ಮಾನ್. ಅಡಿಯಲ್ಲಿ ಸಣ್ಣ ನದಿ, ಮೂಡಿನಿಂದ ಪಡುವಿಗೆ. ನದಿಯ ಸಂಗಡ ನಡೆದರೆ ಕಾಲವನ್ನೇ ನಡೆದ ಹಾಗಂತೆ. ಮೊದಲು ತುರ್ಕರ ಪೇಟೆ, ತಾಮ್ರ ಬಡಿಯುವವರ ಗಲ್ಲಿ, ಮಸೀದಿ. ಆಮೇಲೆ ಆಸ್ಟ್ರಿಯಾದವರ ಕಟ್ಟಡ, ಟ್ರಾಮು. ಆಮೇಲೆ ಸಿಮೆಂಟಿನ ಫ್ಲ್ಯಾಟುಗಳು. ಸೂರ್ಯ ಮುಳುಗುವಾಗ ಸರಿಯಾಗಿ ಹನ್ನೆರಡು ತೋರಿಸುವ ಗಡಿಯಾರದ ಗೋಪುರವೂ ಉಂಟಂತೆ. ಮಗ್ರಿಬಿನ ನಮಾಜಿಗೆ ಬೇರೆ ವಾಚು ಬೇಡ ಅಂತ ನಗುತ್ತಿದ್ದ."

"ಮತ್ತ ಯುದ್ಧ?"

"ಯಾವ ಬೆಟ್ಟಗಳಲ್ಲಿ ಲೋಕದವರೆಲ್ಲ ಬಂದು ಹಿಮದ ಆಟ ಆಡಿದರೋ, ಎಂಟು ವರ್ಷದಲ್ಲಿ ಅದೇ ಬೆಟ್ಟಗಳಿಗೆ ಫಿರಂಗಿ ಏರಿತು. ಅಂಚಿನಲ್ಲಿ ಕೋವಿಯವರು, ಅಡಿಯಲ್ಲಿ ಊರು. ನಲ್ಲಿಯಲ್ಲಿ ನೀರಿಲ್ಲ. ಬಿಯರ್ ಫ್ಯಾಕ್ಟರಿಯ ಒರತೆಯಿಂದ ನೀರು ತರಬೇಕು. ಬಿಯರಿನ ಹೆಸರು ಕೇಳಿ ನಾನು ಅಸ್ತಗ್ಫಿರುಲ್ಲಾ, ದೇವರು ಕ್ಷಮಿಸಲಿ ಅಂದೆ, ಅವನು ಹೊಟ್ಟೆ ಹಿಡಿದು ನಕ್ಕ. ಮೇಲಿನಿಂದ ಕಾಣುವ ರಸ್ತೆಗಳಿಗೆಲ್ಲ ಕಂಬಳಿ, ಬೆಡ್‌ಶೀಟು ಅಡ್ಡ ಕಟ್ಟುತ್ತಿದ್ದರಂತೆ. ಗುಂಡು ತಡೀಲಿಕ್ಕಲ್ಲ, ಕಣ್ಣು ತಡೀಲಿಕ್ಕೆ. ನನ್ನ ಉಮ್ಮ, ತಾಯಿ, ನೀರಿಗೆ ಹೋದಳು ಅಂತ ಒಂದು ದಿನ ಶುರು ಮಾಡಿದ. ಅಲ್ಲಿಗೇ ನಿಲ್ಲಿಸಿದ."

ನೀಲಾಂಬಿಕಾ ಮುಚ್ಚಳ ಮುಚ್ಚಿದಳು. ಅವಳ ಕಿವಿಯಲ್ಲಿ ಬೇರೊಂದು ಧ್ವನಿ ಓಡುತ್ತಿತ್ತು.

ಚಿಕ್ಕಂದಿನಲ್ಲಿ ಬೆಳಗಿನ ಜಾವ ಅಜ್ಜ ಲಿಂಗ ಪೂಜೆಗೆ ಕೂತಾಗ ಅವಳು ಎದುರು ಕೂತು ವಚನ ಒಪ್ಪಿಸಬೇಕಿತ್ತು. ಒಂದು ಮಾತು ಜಾರಿದರೆ ಅಜ್ಜನ ಬೆರಳು ಮಣೆಗೆ ಟಕ್ಕೆನ್ನುತ್ತಿತ್ತು, ಕಣ್ಣು ತೆರೆಯುತ್ತಿರಲಿಲ್ಲ. ಅವನೇ ಹೇಳಿದ್ದು: "ಕಂಡದ್ದು ಹೇಳಾಂವ ತಡವರಸ್ತಾನವ್ವ. ಬಾಯಿಪಾಠ ಮಾಡಿದಾಂವ ತಡವರಸೂದಿಲ್ಲ."

ಡೆನಿಸ್ ಕೋವಾಚ್ ತಡವರಿಸುತ್ತಿರಲಿಲ್ಲ.

ನೆವೆರಾ ಹೈಟ್ಸ್ ಎಂಬ ಹೆಸರಿನಲ್ಲಿ ಸರಾಯೆವೊದ ಮೇಲಿನ ಗುಡ್ಡವೊಂದರಲ್ಲಿ ವಿಲ್ಲಾ ಮಾರುವವನು ಅವನು. ಮಾದರಿ ಮಾಡಿಸಿದವನೂ ಅವನೇ. ಅಬುಧಾಬಿಯ ಹೋಟೆಲಿನ ಸಭಾಂಗಣದಲ್ಲಿ, ತಣ್ಣನೆ ಗಾಳಿಗೆ ಹಾತೊರೆಯುವ ಶ್ರೀಮಂತರ ಮುಂದೆ ಅವನು ತನ್ನ ಬಾಲ್ಯ ಹೇಳುವುದನ್ನು ಅವಳು ಕೇಳಿದ್ದಳು. ಆಮೇಲೆ ತನ್ನ ಆಫೀಸಿನಲ್ಲಿ ಕೇಳಿದಳು. ಆಮೇಲೆ ಕಂಪನಿಯ ಜಾಹೀರಾತಿನಲ್ಲಿ. ಎಲ್ಲ ಸಲವೂ ಒಂದೇ ಮಾತು, ಒಂದೇ ನಿಲುಗಡೆ, ಒಂದೇ ಕಡೆ ನಿಟ್ಟುಸಿರು.

ಎಲ್ಲೋ ಒಂದು ಕಡೆ ಅಜ್ಜನ ಬೆರಳು ಟಕ್ಕೆಂದಿತ್ತು. ಎಲ್ಲಿ ಅಂತ ಈಗ ಗೊತ್ತಾಗಿತ್ತು.

"ನೀವು ನಮಾಜಿಗೆ ಹೋಗ್ರಿ," ಅಂದಳು. "ಮುಗಿಸಿ ಅಲ್ ಕೂಜ್‌ಗೆ ಬರ್ರಿ."

"ಒಬ್ಬಳೇ ಹೋಗಬೇಡಿ ನೀಲಕ್ಕಾ."

"ಒಬ್ಬಾಕಿ ಎಲ್ಲಿ? ಸೂರಜ ಬರ್ತಾನಲ್ಲ."

ಜುಮಾ ಹೊತ್ತಿನ ಅಲ್ ಕೂಜ್ ಬೀಗ ಹಾಕಿದ ಸಂದೂಕದ ಹಾಗಿರುತ್ತದೆ. ಗ್ಯಾರೇಜು, ಬಡಗಿಗಳ ಶೆಡ್ಡು, ಮಾರ್ಬಲ್ ಕೊಯ್ಯುವ ಅಂಗಡಿ ಎಲ್ಲದರ ಶಟರೂ ಇಳಿದಿತ್ತು. ಎಲ್ಲಿಂದಲೋ ಮಸೀದಿಯ ಪ್ರವಚನ, ಖುತ್ಬಾದ ಧ್ವನಿ ಬಿಸಿಲಿನಲ್ಲಿ ಅಲೆಅಲೆಯಾಗಿ ಬರುತ್ತಿತ್ತು.

ವರ್ಕ್‌ಶಾಪಿನ ಒಳಗೆ ಸುಟ್ಟ ಪ್ಲೈವುಡ್ಡಿನ ಕಮಟು. ಬೂದಿ ಹಾರದಿರಲೆಂದು ವಿಮಾ ಕಂಪನಿಯವರು ನಡುಮಧ್ಯೆ ಗೋಡೆಯಿಂದ ಗೋಡೆಗೆ ಬಿಳಿ ಪರದೆ ಕಟ್ಟಿದ್ದರು. ಪರದೆಯಾಚೆ ಮುನಿಬ್‌ನ ಊರು. ಬೆಟ್ಟಗಳು ಕರಗಿ ನದಿಗೆ ಜಾರಿದ್ದವು. ಮಿನಾರುಗಳು ಬೆಂಕಿಕಡ್ಡಿಯ ಹಾಗೆ ಬಾಗಿದ್ದವು.

ಡೆನಿಸ್ ಆಗಲೇ ಬಂದು ನಿಂತಿದ್ದ. ಬಿಳಿ ಲಿನನ್ ಅಂಗಿ, ಬೆಳ್ಳಿ ಕೂದಲು. ಅವನು ನಿಂತದ್ದು ಮಾದರಿಯ ದಕ್ಷಿಣಕ್ಕೆ, ಬೆಟ್ಟದ ಬದಿಯಲ್ಲಿ. ಅಬುಧಾಬಿಯಲ್ಲೂ ಅವನು ಊರಿನ ನಕ್ಷೆಯ ಅದೇ ಬದಿಗೆ ನಿಂತು ಮಾತಾಡಿದ್ದು ಅವಳಿಗೆ ನೆನಪಾಯಿತು.

"ಕ್ಲೇಮಿಗೆ ನನ್ನ ಗುರುತು ಬೇಕು ಅಂದಿರಿ," ಇಂಗ್ಲಿಷಿನಲ್ಲಿ ಹೇಳಿದ. "ಉಳಿದ ತುಂಡು ಎಲ್ಲಿ?"

ಅವಳು ಪೆಟ್ಟಿಗೆ ತೆರೆದು ಮೇಜಿನ ಮೇಲಿಟ್ಟಳು. ಅವನ ಮುಖದಲ್ಲಿ ಏನೂ ಆಗಲಿಲ್ಲ. ಆದರೆ ಅವನ ಕೈ, ಪಾಪ, ಅದಕ್ಕೆ ತರಬೇತಿಯಿರಲಿಲ್ಲ. ಅದು ಅಂಗಿಯ ಗುಂಡಿ ಹುಡುಕಿತು.

"ಇದು ನೀವು ಹೇಳುವ ಜಾಗ ಅಲ್ಲವೇ?" ಅಂದಳು. "ಇನ್ನೊಂದು ಸಲ ಹೇಳಿ. ನಾನು ಹಳ್ಳಿಯವಳು, ಕಥೆ ಎಷ್ಟು ಕೇಳಿದರೂ ಸಾಲದು."

ಅವನು ನಕ್ಕು ಹೇಳಿದ. ಬಾಯಿಪಾಠ ತಾನಾಗಿ ಓಡಿತು. "ನನ್ನ ತಾಯಿ ನೀರಿನ ಕ್ಯಾನು ಹಿಡಿದು ಬಿಳಿ ಬಟ್ಟೆಯ ಹಿಂದೆ ಓಡಿದಳು. ನಾನು ಬೇಕರಿಯ ಬಾಗಿಲಲ್ಲಿ ಕಾಯುತ್ತಿದ್ದೆ. ನನಗೆ ಕಂಡದ್ದು ಅವಳ ಕೆಂಪು ಬೂಟುಗಳು ಮಾತ್ರ. ಆ ಬೂಟುಗಳು ನಿಂತವು." ನಿಟ್ಟುಸಿರು. "ಆ ಊರಿಗೆ ಮತ್ತೆ ಜೀವ ತುಂಬಬೇಕೆಂದೇ ನಾನು ಈ ಮನೆಗಳನ್ನು ಕಟ್ಟುತ್ತಿದ್ದೇನೆ."

ನೀಲಾಂಬಿಕಾ ಸೇಸಪ್ಪನ ಅಂಗಡಿಯಿಂದ ತಂದ ಗುಂಡುಸೂಜಿಯೊಂದನ್ನು ಅವನ ಮುಂದಿಟ್ಟಳು. "ಬೇಕರಿ ಎಲ್ಲಿ? ಚುಚ್ಚಿ."

ಅವನು ಚುಚ್ಚಿದ. ಪರದೆಯ ಹಿಂದೆ, ಬೊಂಬೆಯ ಪಕ್ಕದ ಬಾಗಿಲಿಗೆ.

"ಇಲ್ಲಿ ನಿಂತ ಹುಡುಗನಿಗೆ ತಾಯಿಯ ಮುಖ ಕಾಣುತ್ತದೆ," ಅವಳು ಮೆಲ್ಲಗೆ ಹೇಳಿದಳು. "ಕ್ಯಾನು ಕಾಣುತ್ತದೆ, ಬೆನ್ನು ಕಾಣುತ್ತದೆ. ಇಬ್ಬರೂ ಬಟ್ಟೆಯ ಒಂದೇ ಮಗ್ಗುಲಲ್ಲಿದ್ದಾರೆ. ಅದಕ್ಕೇ ತಾನೆ ಆ ಬಟ್ಟೆ ಕಟ್ಟಿದ್ದು?"

ಅವಳು ಸೂಜಿಯನ್ನು ಕಿತ್ತಳು. ಬಗ್ಗಿ, ಕಣ್ಣನ್ನು ಬೆಟ್ಟದ ಇಳಿಜಾರಿನ ಮಟ್ಟಕ್ಕೆ ತಂದಳು. ಅಲ್ಲಿಂದ ಬೊಂಬೆ ಇರಲಿಲ್ಲ. ಬಿಳಿ ಬಟ್ಟೆ, ಅದರ ಕೆಳಗೆ ಎರಡು ಕೆಂಪು ಚುಕ್ಕೆ.

ಸೂಜಿಯನ್ನು ಬೆಟ್ಟಕ್ಕೆ ಚುಚ್ಚಿದಳು.

"ಬೂಟು ಮಾತ್ರ ಕಂಡವನು ಇಲ್ಲಿದ್ದ. ಬೇಕರಿಯ ಬಾಗಿಲಲ್ಲಿ ನಿಂತಿದ್ದವನು ಮುನಿಬ್. ನೀವು ಅವನ ತಾಯಿಯನ್ನು ಕೊಂದಿರಿ. ಆಮೇಲೆ ಅವಳನ್ನೇ ನಿಮ್ಮ ತಾಯಿ ಮಾಡಿಕೊಂಡು ಮನೆ ಮಾರಿದಿರಿ. ಮಾದರಿ ಮಾಡಿಸಲು ಬಂದಾಗ ಆ ಕಥೆಯನ್ನು ಅವನಿಗೂ ಹೇಳಿದಿರಿ."

ಖುತ್ಬಾದ ಧ್ವನಿ ಒಂದು ಕ್ಷಣ ನಿಂತಿತು.

ಡೆನಿಸ್ ಮೇಜು ಸುತ್ತಿ ಬಂದ. ಅವಳ ಜಡೆಗೆ ಕೈಹಾಕಿ ಮುಖವನ್ನು ಮೇಜಿಗೆ ಅಪ್ಪಳಿಸಿದ.

ಮೂಗಿನಲ್ಲಿ ಏನೋ ಮುರಿಯಿತು. ಬಿಸಿ ರಕ್ತ ತುಟಿಗಿಳಿಯಿತು. ಎರಡನೆಯ ಸಲ ಅಪ್ಪಳಿಸಿದಾಗ ಪುಟ್ಟ ಮನೆಗಳು ಕೆನ್ನೆಯ ಕೆಳಗೆ ಪುಡಿಯಾದವು. ತಂತಿಯೊಂದು ಹುಬ್ಬು ಸೀಳಿತು. ಮೂರನೆಯದಕ್ಕೆ ತಲೆ ಎತ್ತಿದಾಗ ಅವಳ ಕೈಗೆ ಮಾದರಿ ಕೊರೆಯುವ ಚಾಕು ಸಿಕ್ಕಿತು. ನೋಡದೆ ಹಿಂದಕ್ಕೆ ಬೀಸಿದಳು. ಅವನ ಅಂಗೈಯಿಂದ ಮೊಣಕೈಯ ತನಕ ಸೀಳಿಕೊಂಡು ಹೋಯಿತು.

ಅವನು ಜಡೆ ಬಿಟ್ಟ, ಕತ್ತು ಹಿಡಿದ.

ಇಬ್ಬರೂ ಬೂದಿಯಲ್ಲಿ ಉರುಳಿದರು. ಅವನ ಹೆಬ್ಬೆರಳು ಅವಳ ಗಂಟಲ ಗುಳಿಯನ್ನು ಒತ್ತುತ್ತಿತ್ತು. ಕುತ್ತಿಗೆಯಲ್ಲಿದ್ದ ಕರಡಿಗೆಯ ದಾರ ಹರಿದು ಲಿಂಗ ಎದೆಯ ಮೇಲೆ ಜಾರಿತು. ಅವಳು ಒಂದು ಕೈಯಿಂದ ಅದನ್ನು ಹಿಡಿದುಕೊಂಡಳು. ಜೀವ ಹೋಗುವಾಗಲೂ ಅದು ನೆಲಕ್ಕೆ ಬೀಳಬಾರದು. ಕಾಲಿನಿಂದ ಪಕ್ಕದ ಸುಟ್ಟ ರ್‍ಯಾಕಿನ ಆನಿಕೆಯನ್ನು ಒದ್ದಳು.

ಕರಕಲಾದ ಹಲಗೆ, ಕಬ್ಬಿಣದ ಕೋನ, ಪೇಂಟಿನ ಡಬ್ಬಿ ಎಲ್ಲ ಒಟ್ಟಿಗೆ ಅವನ ಮೇಲೆ ಕುಸಿಯಿತು. ಅವನು ಅರಚಿದ. ಆ ಅರಚು ಅರ್ಧದಲ್ಲೇ ಮುರಿಯಿತು.

ಅವಳು ತೆವಳಿ ಈಚೆ ಬಂದಳು. ಉಸಿರು ಗರಗಸದ ಹಾಗೆ ಕೊಯ್ಯುತ್ತಿತ್ತು. ಕಬ್ಬಿಣದ ಕೋನ ಅವನ ತೊಡೆಯಲ್ಲಿ ಇಳಿದು ನಿಂತಿತ್ತು. ರಕ್ತ ಬೂದಿಯನ್ನು ಕೆಸರು ಮಾಡುತ್ತಿತ್ತು. ಬಿಟ್ಟುಹೋಗಬಹುದಿತ್ತು. ಆದರೆ ಅವನು ಸತ್ತರೆ ಇದಿನಬ್ಬನನ್ನು ಬಿಡಿಸುವ ಬಾಯಿ ಇನ್ನೊಂದಿಲ್ಲ. ದುಪ್ಪಟ್ಟಾ ಎಳೆದು ತೊಡೆಯ ಬುಡಕ್ಕೆ ಬಿಗಿದಳು.

"ಸಿಐಡಿಯವರು ಬರುತ್ತಾರೆ. ಮುನಿಬ್‌ನನ್ನು ಕೊಂದೆ ಅಂತ ಅವರ ಮುಂದೆ ಹೇಳು. ಟೇಲರನ ಹತ್ತಿರ ಕಳಿಸಿದ ಆ ಗೂಂಡಾನ ಹೆಸರೂ ಹೇಳು."

"ಯಾವ ಟೇಲರ್?"

ಅವನ ಧ್ವನಿಯಲ್ಲಿ ಈಗ ನಿಲುಗಡೆಯಿರಲಿಲ್ಲ, ನಿಟ್ಟುಸಿರೂ ಇರಲಿಲ್ಲ. ತಡವರಿಸುತ್ತಿದ್ದ. ನೀಲಾಂಬಿಕಾ ಕಿವಿಗೊಟ್ಟಳು.

"ನನಗೆ... ಆಗ ಹತ್ತೊಂಬತ್ತು. ಮೇಲೆ ಚಳಿ. ಕೆಳಗೆ ಬಟ್ಟೆ. ಹೌದು, ಅವಳನ್ನು ಹೊಡೆದದ್ದು ನಾನೇ. ಮುನಿಬ್ ಫೋನ್ ಮಾಡಿ, ಬಾ, ನಿನ್ನ ಬೀದಿ ಸಿದ್ಧವಾಗಿದೆ ಅಂದ. ಗೊತ್ತಾಗಿಹೋಯಿತು ಅಂತ ತಿಳಿಯಿತು. ಕೊಲ್ಲಲೆಂದೇ ಬಂದೆ. ಅದೂ ಹೌದು." ಅವನು ಕೆಮ್ಮಿದ. "ಆದರೆ ನನಗಿಂತ ಮೊದಲೇ ಯಾರೋ ಬಂದಿದ್ದರು. ಶಟರು ಗೇಣಷ್ಟು ಎತ್ತಿತ್ತು. ಒಳಗೆ ಬೆಂಕಿ. ಬಗ್ಗಿ ನೋಡಿದೆ. ಮುನಿಬ್ ಬಿದ್ದಿದ್ದ, ಕೈ ಅಲ್ಲಾಡುತ್ತಿತ್ತು. ನಾನು ಒಳಗೆ ಹೋಗಲಿಲ್ಲ. ನೋಡುತ್ತ ನಿಂತೆ. ನೋಡುವುದು ನನಗೆ ಅಭ್ಯಾಸ."

"ಮತ್ತೇನು ಕಂಡೆ?"

"ಕಾಲು."

"ಯಾರ ಕಾಲು?"

ಅವನು ತಲೆ ಎತ್ತಲಾಗದೆ ಕಣ್ಣನ್ನು ಮಾತ್ರ ಹೊರಳಿಸಿದ. ಆ ಕಣ್ಣು ಅವಳ ಪಾದಗಳ ಮೇಲೆ ಬಂದು ನಿಂತಿತು.

"ಅಂಥದ್ದೇ," ಅಂದ. "ಅದೇ ಚರ್ಮ, ಅದೇ ಹೆಣಿಗೆ. ಕೆಂಪು ಗೊಂಡೆ ಮಾತ್ರ ಇರಲಿಲ್ಲ. ಹೆಬ್ಬೆರಳಿಗೆ ಕುಣಿಕೆಯಿತ್ತು. ನಡೆದರೆ ಅಳುತ್ತಿತ್ತು, ಕುದುರೆಯ ಹೊಸ ಜೀನಿನ ಹಾಗೆ."

ನೀಲಾಂಬಿಕಾಳ ಬಾಯಿಯಲ್ಲಿದ್ದ ರಕ್ತ ತಣ್ಣಗಾಯಿತು.

ಅಥಣಿಯ ಆ ಅಂಗಡಿಯಲ್ಲಿ ಮುದುಕ ಜೋಡನ್ನು ಕಿವಿಯ ಹತ್ತಿರ ಹಿಡಿದು ಮಡಿಸಿ, ಕೇಳಬೇ ತಂಗಿ, ಹೆಂಗ ಮಾತಾಡ್ತೈತಿ ಅಂದಿದ್ದ. ಅವಳೇ ಆರಿಸಿದ್ದಳು. ಅವಳೇ ಎಣ್ಣೆ ಹಚ್ಚಿ, ಪೇಪರಿನಲ್ಲಿ ಸುತ್ತಿ ತಂದಿದ್ದಳು.

ಸತ್ವಾದ ಆ ಗಲ್ಲಿಗೆ ಇರುವುದು ಒಂದೇ ಬಾಯಿ. ಗೂಂಡಾ ಅಲ್ಲಿಂದಲೇ ಓಡಿದ. ಅಲ್ಲೇ ಗಾಡಿ ಹಚ್ಚಿ ಕುಂತವನಿಗೆ ನರಪಿಳ್ಳೆ ಕಾಣಲಿಲ್ಲ. ಟೇಲರನ ಹತ್ತಿರ ಹೋಗುತ್ತೇನೆ ಅಂತ ಬೆಳಿಗ್ಗೆ ಅವಳು ಹೇಳಿದ್ದು ಒಬ್ಬನಿಗೇ. ಮತ್ತೆ ಸೇಸಪ್ಪನನ್ನು ಅವಳೇ ಅವನ ಗಾಡಿ ಹತ್ತಿಸಿ ಕಳಿಸಿದ್ದಳು.

ಪರದೆಯಾಚೆ ಶಟರು ಮೇಲಕ್ಕೆ ಕಿರುಗುಟ್ಟಿತು. ಆಮೇಲೆ ಕೆಳಕ್ಕೆ. ಒಳಗಿನಿಂದ ಚಿಲಕ ಬಿತ್ತು.

ಕರ್ರ್.

"ಅಕ್ಕಾ... ಒಳಗ ಅದೀಯೇನ?"

ಕರ್ರ್, ಕರ್ರ್.

ಅವಳು ಉಸಿರು ಹಿಡಿದು ಎದ್ದು ನಿಂತು, ಪರದೆಯ ಕೆಳಗಿನ ಸಂದಿಯನ್ನು ನೋಡಿದಳು. ಪೊಲೀಸರ ಬೂಟಿಲ್ಲ. ಬೇರೆ ಯಾರ ಕಾಲೂ ಇಲ್ಲ.

ಒಂದೇ ಜೊತೆ ಚಪ್ಪಲಿ, ಬೂದಿಯಲ್ಲಿ ನಿಧಾನ ಬರುತ್ತಿದ್ದವು. ಬಲಗಾಲಿನ ಕುಣಿಕೆಗೆ ಬಿಳಿ ದಾರವೊಂದು ಸುತ್ತಿಕೊಂಡು ಎಳೆದಾಡುತ್ತಿತ್ತು. ಅದರ ಅರ್ಧ ಕೆಂಪಾಗಿತ್ತು. ಚಪ್ಪಲಿಯ ಪಕ್ಕದಲ್ಲೇ ಕಬ್ಬಿಣದ ಸಲಾಕೆಯೊಂದರ ತುದಿ ನೆಲ ಗೀಚುತ್ತ ಬರುತ್ತಿತ್ತು.

"ಪೆಟಿಗಿ ಎಲ್ಲೈತಿ ಅಕ್ಕಾ? ಡೆನಿಸನ ಕಥಿ ಸುಳ್ಳಂತ ಹೊರಗ ಬಿದ್ರ ಆ ವಿಲ್ಲಾದಾಗ ಹಾಕಿದ ನನ್ನ ರೊಕ್ಕೆಲ್ಲಾ ಮುಳುಗತೈತಿ, ಮುನಿಬ್‌ಗೂ ಅದನ್ನ ಹೇಳಿದ್ದೆ, ಕೇಳಲಿಲ್ಲ. ಕೊಟ್ಟಬಿಡು. ನಿಂಗ ನಾ ಏನೂ ಮಾಡೂದಿಲ್ಲ. ಊರಿನಾಕಿ ನೀ."

ಡೆನಿಸ್‌ನ ರಕ್ತದ ಕೈ ಅವಳ ಮೊಣಕಾಲನ್ನು ಮುಟ್ಟಿತು. ಅವನು ಪಿಸುಗುಟ್ಟಿದ.

"ಕಾಲು ಅಲ್ಲಾಡಿಸಬೇಡ. ನಾವು ಮೇಲೆ ಕೂತು ಕಾಯುತ್ತಿದ್ದದ್ದು ಅದನ್ನೇ."

ಅವಳು ಕೆಳಗೆ ನೋಡಿದಳು. ಬಿಳಿ ಪರದೆ ಅವಳ ಕಣಕಾಲಿಗಿಂತ ಮೇಲಕ್ಕೇ ನಿಂತಿತ್ತು. ಅದರ ಅಂಚಿನ ಕೆಳಗೆ, ಬೂದಿಯ ಮೇಲೆ, ಅಥಣಿಯ ಎರಡು ಕೆಂಪು ಗೊಂಡೆಗಳು ಹೊಳೆಯುತ್ತಿದ್ದವು.

ಆಚೆಯ ಚಪ್ಪಲಿಗಳು ನಿಂತವು.

ಸಲಾಕೆಯ ತುದಿ ನೆಲದಿಂದ ಮೇಲೆದ್ದಿತು.